ಮೊಳೆಯ ಮೇಲಿನ ಬಿಲ್ಲೆ

ಅವರ ಬಲಗಿವಿಯ ತೂತಿನ ಪಕ್ಕದಲ್ಲಿ ಹುಣಸೆಬೀಜದಷ್ಟು ಅಗಲದ ಕಪ್ಪು ಜಡ್ಡಿತ್ತು. ಅಂಗೈ ಜಡ್ಡುಗಟ್ಟುವುದುಂಟು, ಹಿಮ್ಮಡಿ ಜಡ್ಡುಗಟ್ಟುವುದುಂಟು. ಕಿವಿ ಜಡ್ಡುಗಟ್ಟಿದ ಇನ್ನೊಬ್ಬ ಮನುಷ್ಯನನ್ನು ನನ್ನ ಆಸ್ಪತ್ರೆಯ ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಕಂಡಿಲ್ಲ. ಅದು ಸ್ಕ್ರೂಡ್ರೈವರಿನ ಮರದ ಹಿಡಿ ಒತ್ತಿ ಒತ್ತಿ ಬಂದದ್ದು. ಚಿನ್ನದ ಗಣಿಯ ಆಳದಲ್ಲಿ ನೀರೆತ್ತುವ ಪಂಪುಗಳನ್ನು ಅವರು ನೋಡಿಕೊಳ್ಳುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೂ ಹಿಡಿಯನ್ನು ಕಿವಿಗೂ ಇಟ್ಟು, ಕಣ್ಣು ಮುಚ್ಚಿ, ಒಳಗಿನ ಬೇರಿಂಗ್ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುತ್ತಿದ್ದರಂತೆ. ಗಣಿ ಮುಚ್ಚಿದ ಮೇಲೆ ಆಂಡರ್ಸನ್‌ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟರು. ಮೊದಲು ರೇಡಿಯೊ, ಆಮೇಲೆ ಟಿವಿ, ಕೊನೆಗೆ ಕಂಪ್ಯೂಟರ್. ಊರಿನ ಬಾಯಲ್ಲಿ ಮಾತ್ರ ಕಡೆಯವರೆಗೂ ಪಂಪ್ ಮೇಸ್ತ್ರಿಯೇ.

ನಾನು ಇಲ್ಲಿಯ ಕಾರ್ಖಾನೆಯೊಂದರ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವಳು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ಮೇಸ್ತ್ರಿ ಅದಕ್ಕೊಂದು ಅಮ್ಮ ಸೇರಿಸಿ 'ಸಿಸ್ಟರಮ್ಮ' ಮಾಡಿದರು. ನಿವೃತ್ತಿಯ ನಂತರವೂ ನನ್ನ ದಿನ ಐದಕ್ಕೆ ಶುರು. ಐದೂವರೆಗೆ ಭಕ್ತಿಗೀತೆ, ಎರಡಕ್ಕೆ ನಾಟಕ, ಶನಿವಾರ ಬೆಳಿಗ್ಗೆ ಇಡೀ ಮನೆಯ ಧೂಳು. ಪ್ರತಿಯೊಂದಕ್ಕೂ ಪಟ್ಟಿ, ಪಟ್ಟಿಯ ಪ್ರತಿ ಸಾಲಿಗೂ ಗುರುತು. ನಮ್ಮ ಯಜಮಾನರು ಮೇಷ್ಟ್ರಾಗಿದ್ದರು. ಅವರು ತೀರಿಕೊಂಡಾಗ ಬಿಟ್ಟುಹೋದದ್ದು ಮೂರು ಟ್ರಂಕು ಕ್ಯಾಸೆಟ್: ರೇಡಿಯೊದಿಂದ ಹಿಡಿದಿಟ್ಟ ಹಾಡು, ನಾಟಕ, ಶಾಲೆಯ ಮಕ್ಕಳ ಭಾಷಣ. ಅವುಗಳಿಗೆ ಬೂಸಲು ಹಿಡಿಯುತ್ತಿರುವುದನ್ನು ಕಂಡು ಮೇಸ್ತ್ರಿಯ ಅಂಗಡಿಗೆ ಹೋಗಿದ್ದೆ.

"ಟ್ರಂಕಲ್ಲಿಟ್ರೆ ಸತ್ತೋಯ್ತವೆ ಸಿಸ್ಟರಮ್ಮ. ಎಲ್ಲಾ ಒಂದ್ ಪೆಟ್ಟಿಗೇಲಿ ಆಕನ. ಅಡುಗೆಮನೇಲಿ ಕುಂತ್ರೂ ಆಡ್ತದೆ, ಟಿವಿ ಮುಂದೆ ಕುಂತ್ರೂ ಆಡ್ತದೆ."

ಒಂದು ಹಳೆಯ ಆಫೀಸು ಕಂಪ್ಯೂಟರನ್ನು ತಂದು, ನಮ್ಮ ಹಜಾರದಲ್ಲಿ ಹಿಂದೆ ರೇಡಿಯೊ ಇರುತ್ತಿದ್ದ ಹಲಗೆಯ ಮೇಲೆ ಇಟ್ಟರು. ಒಳಗೆ ಒಂದೇ ಹಾರ್ಡ್ ಡಿಸ್ಕ್. ಅದರ ನಾಲ್ಕು ಸ್ಕ್ರೂಗಳಡಿಗೂ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ತುಂಡು. "ನಡುಗಬಾರ್ದು, ನಡುಗಿದ್ರೆ ಒಳಗಿರೋ ತಟ್ಟೆ ಗೀಚ್ಕೊಂತದೆ." ಒಂದು ಬೇಸಿಗೆಯಿಡೀ ಅಂಗಡಿಯಲ್ಲಿ ಕ್ಯಾಸೆಟ್ ಓಡಿಸಿ ಓಡಿಸಿ ಎಲ್ಲವನ್ನೂ ಅದರಲ್ಲಿ ತುಂಬಿಕೊಟ್ಟರು.

ಆ ಕೆಲಸದ ನಡುವೆ ಒಂದು ದಿನ ಅಂಗಿಯ ಜೇಬಿನಿಂದ ಅವರದೇ ಒಂದು ಕ್ಯಾಸೆಟ್ ತೆಗೆದರು.

"ನಿಮ್ಮ ಪೆಟ್ಟಿಗೇಲಿ ಇದಕ್ಕೂ ಒಂದ್ ಮೂಲೆ ಕೊಡ್ತೀರಾ? ನಮ್ಮೋಳ ದನಿ."

"ಹಾಡುತ್ತಿದ್ದರಾ?"

"ಆಡಾ? ಬೈಗುಳ ಸಿಸ್ಟರಮ್ಮ. ಪೂರಾ ಬೈಗುಳ!"

ಒಮ್ಮೆ ಯಾರದೋ ಟೇಪ್ ರೆಕಾರ್ಡರನ್ನು ಮನೆಯಲ್ಲಿ ರಿಪೇರಿ ಮಾಡಿ ಪರೀಕ್ಷೆಗೆಂದು ಗುಂಡಿ ಒತ್ತಿದ್ದರಂತೆ. ಅದೇ ಹೊತ್ತಿಗೆ ಹೆಂಡತಿ ಬಂದು, ಸೀಮೆಎಣ್ಣೆ ತರಲು ಕಳಿಸಿದರೆ ಕೈಬೀಸಿಕೊಂಡು ಬಂದ ಗಂಡನನ್ನು ಅರ್ಧ ತಮಿಳಲ್ಲಿ ಅರ್ಧ ಕನ್ನಡದಲ್ಲಿ ತೊಳೆದುಹಾಕಿದ್ದರು. ಕೊನೆಯಲ್ಲಿ ತಿರುಗುತ್ತಿದ್ದ ಚಕ್ರ ಕಣ್ಣಿಗೆ ಬಿದ್ದು, "ಅಯ್ಯೋ, ಅದು ಓಡ್ತಾ ಐತಾ?" ಎಂದು ನಕ್ಕಿದ್ದರು. ಆಕೆಯ ದನಿ ಎಲ್ಲಿಯಾದರೂ ಉಳಿದಿದ್ದರೆ ಅಷ್ಟೇ. ಟೇಪು ಎಷ್ಟು ಹಳತಾಗಿತ್ತೆಂದರೆ ಒಂದೇ ಸಲ ಓಡಿ, ಆ ನಗುವಿನ ನಂತರ ತುಂಡಾಯಿತು. ಅಷ್ಟರಲ್ಲಿ ದನಿ ಕಂಪ್ಯೂಟರಿಗೆ ಬಂದಿತ್ತು. ಒಂದು ಪ್ರತಿ ಅವರ ಅಂಗಡಿಯಲ್ಲಿ, ಒಂದು ನಮ್ಮ ಪೆಟ್ಟಿಗೆಯಲ್ಲಿ. ಪ್ರತಿ ವರ್ಷ ಆಕೆ ತೀರಿಕೊಂಡ ದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಮ್ಮ ಮನೆಗೆ ಬಂದು, ನನ್ನ ದೊಡ್ಡ ಸ್ಪೀಕರಿನ ಮುಂದೆ ಕೈಕಟ್ಟಿ ಕೂತು, ಬೈಸಿಕೊಂಡು, ಕಾಫಿ ಕುಡಿದು ಹೋಗುತ್ತಿದ್ದರು. ಅಂಗಡಿಯ ಸಣ್ಣ ಸ್ಪೀಕರಿನಲ್ಲಿ ಅವಳ ಗಂಟಲು ಸಾಲದು ಎನ್ನುತ್ತಿದ್ದರು.

ನಾಲ್ಕೈದು ವರ್ಷದಲ್ಲಿ ಡಿಸ್ಕ್ ತುಂಬಿತು. ಹೊಸದು ತರಲು ಇಬ್ಬರೂ ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಹೋದೆವು. ಒಂದು ದೊಡ್ಡ ಹಾರ್ಡ್ ಡಿಸ್ಕ್, ಅದೇ ಕೆಲಸ ಮಾಡುವ ಹೊಸ ನಮೂನೆಯ ಒಂದು ಚಿಕ್ಕ ಎಸ್‌ಎಸ್‌ಡಿ. ಅಂಗಡಿಯಲ್ಲಿ ಮೇಸ್ತ್ರಿ ಆ ಎಸ್‌ಎಸ್‌ಡಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಲೇ ಇದ್ದರು. ಅಂಗಡಿಯವನಿಗೆ ರೇಗಿತು.

"ಏನ್ ಮೇಸ್ತ್ರಿ, ಎಣ್ಣು ನೋಡಕ್ ಬಂದಂಗೆ ನೋಡ್ತಾ ಇದ್ದೀಯ?"

"ಎಣ್ಣಾದ್ರೆ ಬಾಯ್ಬಿಟ್ಟು ಮಾತಾಡ್ತಾಳೆ ಕಣಪ್ಪ. ಇದರೊಳಗೆ ತಿರುಗೋದು ಏನೂ ಇಲ್ಲ, ಸದ್ದೇ ಇಲ್ಲ. ಎಲ್ಲಿ ಕಿವಿ ಇಡ್ಲಿ?"

ವಾಪಸು ಬರುವಾಗ ಎರಡನ್ನೂ ಮೇಲಿನ ಹಲಗೆಗೆ ಹಾಕದೆ, ಟವೆಲಿನಲ್ಲಿ ಸುತ್ತಿ, ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡರು. ನಾನು ನಕ್ಕದ್ದಕ್ಕೆ ಅವರು ಹೇಳಿದ ಮಾತು ಇದು: "ಸದ್ದು ಮಾಡೋದು ಏಳ್ಬುಟ್ಟು ಓಗ್ತದೆ ಸಿಸ್ಟರಮ್ಮ. ಸದ್ದಿಲ್ದಿರೋದು ಏಳ್ದೇ ಓಗ್ತದೆ."

ಮಾರನೆಯ ದಿನ ಬಂದು ಎಲ್ಲವನ್ನೂ ಕೂರಿಸಿದರು. ಪೆಟ್ಟಿಗೆ ಬೇಗ ಎಚ್ಚರಗೊಳ್ಳಲು ಎಸ್‌ಎಸ್‌ಡಿ, ಹಾಡು ನಾಟಕಗಳಿಗೆ ದೊಡ್ಡ ಡಿಸ್ಕ್. ಅದರ ಪಕ್ಕದಲ್ಲೇ ಹಳೆಯದು. ನಾನು ಪಟ್ಟಿ ಓದುತ್ತಾ ಹೋದೆ, ಅವರು ಒಂದೊಂದಾಗಿ ಹಳೆಯದರಿಂದ ಹೊಸದಕ್ಕೆ ನಕಲಿಗೆ ಹಾಕುತ್ತಾ ಹೋದರು. ಸಂಜೆಯಾದರೂ ಮುಗಿಯಲಿಲ್ಲ. ಮರುದಿನ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಮಗಳು ಕ್ಯಾಸಂಬಳ್ಳಿಯಿಂದ ಬಂದು ಕಾಯುತ್ತಿದ್ದಳು. ಏಳುವ ಮುಂಚೆ ಮೇಸ್ತ್ರಿ ಜೇಬಿನಿಂದ ಒಂದು ಹಿತ್ತಾಳೆಯ ಬಿಲ್ಲೆ ತೆಗೆದು, ಪೆಟ್ಟಿಗೆಯ ಮೇಲ್ಗಡೆ ಗೋಡೆಯಲ್ಲಿದ್ದ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದರು. ಗಣಿಯಲ್ಲಿ ಅವರ ನಂಬರು ಕೊರೆದಿದ್ದ ಬಿಲ್ಲೆ. ಕೆಳಗೆ ಇಳಿಯುವವನು ಅದನ್ನು ಮೇಲಿನ ಹಲಗೆಗೆ ತೂಗುಹಾಕಿ ಇಳಿಯಬೇಕು, ಮೇಲೆ ಬಂದು ತಾನೇ ತೆಗೆದುಕೊಳ್ಳಬೇಕು. ತೂಗುತ್ತಿದ್ದರೆ ಆಳು ಇನ್ನೂ ಕೆಳಗಿದ್ದಾನೆಂದು ಲೆಕ್ಕ.

"ಇನ್ನೂ ಎಲ್ಲಾ ಮೇಲಕ್ ಬಂದಿಲ್ಲ. ನಿಮ್ಮೋರ್ದೆಲ್ಲ ಮೊದ್ಲು ಬರ್ಲಿ, ನಮ್ಮೋಳು ಕೊನೇಗೆ ಬತ್ತಾಳೆ. ನಾನ್ ಬಂದು ಇಳಿಸ್ತೀನಿ ಬಿಲ್ಲೆ. ಅದು ಇರೋಗಂಟ ಹಳೇ ಡಿಸ್ಕ್ ಮುಟ್ಬ್ಯಾಡಿ."

ಅವರು ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ. ಪಟ್ಟಿಯಲ್ಲಿ ಬರೆದುಕೊಂಡಿರಲಿಲ್ಲ, ಅಷ್ಟೆ.

ಕಣ್ಣಿಗೆ ಸೋಂಕು ತಗುಲಿ ಅವರು ಮಗಳ ಮನೆಯಲ್ಲೇ ಒಂದು ತಿಂಗಳು ಉಳಿದರು. ನಾಲ್ಕನೆಯ ಶನಿವಾರ ಧೂಳು ಒರೆಸುವಾಗ ಬಿಲ್ಲೆ ಬಟ್ಟೆಗೆ ಸಿಕ್ಕಿ ಪೆಟ್ಟಿಗೆಗೆ ಬಡಿದು ಟಿಣ್ ಎಂದಿತು. ನಾಲ್ಕು ವಾರದಿಂದ ಒಂದು ಕೆಲಸ ಅರ್ಧಕ್ಕೆ ನಿಂತಿರುವುದು ನನ್ನ ಜಾಯಮಾನಕ್ಕೆ ಒಗ್ಗದು. ಪಟ್ಟಿ ಹಿಡಿದು ಕೂತೆ. ಹಾಡು, ನಾಟಕ, ಭಾಷಣ, ಫೋಟೊ. ಹೊಸ ಡಿಸ್ಕಿನಲ್ಲಿ ಪ್ರತಿಯೊಂದನ್ನೂ ಮೂರು ಸಲ ನೋಡಿದೆ. ವಾರ್ಡಿನಲ್ಲಿ ಔಷಧಿ ಬಾಟಲಿಯ ಚೀಟಿಯನ್ನು ಮೂರು ಸಲ ಓದಬೇಕೆಂದು ಎಷ್ಟು ಹುಡುಗಿಯರಿಗೆ ಕಲಿಸಿದವಳು ನಾನು: ತೆಗೆಯುವಾಗ, ಸುರಿಯುವಾಗ, ತಿರುಗಿ ಇಡುವಾಗ. ಎಲ್ಲ ಸಾಲಿಗೂ ಗುರುತು ಬಿತ್ತು. ಬಿಲ್ಲೆ ಇಳಿಸಿ ಪೆಟ್ಟಿಗೆಯ ಪಕ್ಕದಲ್ಲಿದ್ದ ಸ್ಕ್ರೂಗಳ ಡಬ್ಬಿಯಲ್ಲಿ ಹಾಕಿದೆ. ಹಳೆಯ ಡಿಸ್ಕನ್ನು ಪೂರ್ತಿ ಅಳಿಸಿ, ಅದರ ಮೇಲೆ ಕಂಠಮಟ್ಟ ಪ್ರವಚನ ತುಂಬಿದೆ. ಅಂದು ಸಂಜೆ ನನಗೆ ಬಹಳ ಹಗುರವೆನಿಸಿತ್ತು. ಆ ಹಗುರವನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ಮೇಸ್ತ್ರಿ ವಾಪಸು ಬಂದವರು ಕಪ್ಪು ಕನ್ನಡಕದಲ್ಲಿ, ನಗುತ್ತಲೇ ಮನೆಗೆ ಬಂದರು.

"ನಾನ್ ಏಳಿರ್ಲಿಲ್ವಾ ಸಿಸ್ಟರಮ್ಮ? ಅಂಗಡಿ ಕಂಪ್ಯೂಟರಿಗೆ ಒಂದು ಎಸ್‌ಎಸ್‌ಡಿ ಆಕಿದ್ದೆ, ಎಲ್ಲಾ ಅದರಲ್ಲೇ ಇತ್ತು. ಬಂದು ಆನ್ ಮಾಡಿದ್ರೆ ಸತ್ತೋಗದೆ! ಉಸ್ ಅನ್ಲಿಲ್ಲ, ಬುಸ್ ಅನ್ಲಿಲ್ಲ. ಪರವಾಗಿಲ್ಲ ಬುಡಿ, ನಮ್ಮೋಳು ನಿಮ್ಮನೇಲಿ ಅವ್ಳಲ್ಲ."

ನಾನು ಕಾಫಿ ಬೆರೆಸುತ್ತಿದ್ದೆ. ಆಗ ನೆನಪಾಯಿತು: ಆಕೆಯ ದನಿ ನನ್ನ ಪಟ್ಟಿಯಲ್ಲೇ ಇರಲಿಲ್ಲ.

"ಇದೆ ಮೇಸ್ತ್ರಿ, ಭದ್ರವಾಗಿದೆ" ಎಂದೆ.

ಅಷ್ಟು ಬೇಗ, ಅಷ್ಟು ಸಲೀಸಾಗಿ. ರೋಗಿಯ ಮನೆಯವರಿಗೂ ಸುಳ್ಳು ಹೇಳಿ ಗೊತ್ತಿಲ್ಲದವಳು. ಅವರು ಅತ್ತ ಹೋದಮೇಲೆ ಹೊಸ ಡಿಸ್ಕಿನ ಮೂಲೆಮೂಲೆ ಹುಡುಕಿದೆ. ಮರುದಿನ ಹಳೆಯದನ್ನು ಬಿಚ್ಚಿಸಿಕೊಂಡು, ಟವೆಲಿನಲ್ಲಿ ಸುತ್ತಿ, ಒಬ್ಬಳೇ ಬಂಗಾರಪೇಟೆಗೆ ಹೋದೆ. ಅಂಗಡಿಯವನು ಎರಡು ಗಂಟೆ ನೋಡಿ, "ಬರೀ ಅಳಿಸಿದ್ರೆ ತೆಗೀಬೋದಿತ್ತು ಅಮ್ಮ. ಮೇಲೆ ಬೇರೆ ತುಂಬಿಬುಟ್ಟಿದೀರಲ್ಲ" ಎಂದ.

ಆಕೆ ತೀರಿಕೊಂಡ ದಿನಕ್ಕೆ ಇನ್ನು ಎರಡೇ ವಾರ ಇತ್ತು. ಪ್ರತಿದಿನ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆಂದು ಅಂದುಕೊಳ್ಳುತ್ತಿದ್ದೆ. ಆ ಮಾತು ಮಾತ್ರ ಯಾವ ಪಟ್ಟಿಗೂ ಏರಲಿಲ್ಲ. ಆ ದಿನ ಹತ್ತು ಗಂಟೆಗೆ ಗೇಟಿನ ಸದ್ದಾಯಿತು. ಕಿಟಕಿಯಿಂದ ಬಿಳಿ ಅಂಗಿ ಕಂಡಿತು. ನಾನು ಏನು ಮಾಡಿದೆನೆಂದರೆ, ಬಾಗಿಲು ತೆಗೆಯುವ ಮುಂಚೆ ಮೆಯಿನ್ ಸ್ವಿಚ್ ಆರಿಸಿದೆ.

"ಬನ್ನಿ ಮೇಸ್ತ್ರಿ. ಏನು ಮಾಡುವುದು, ಕರೆಂಟೇ ಇಲ್ಲ."

ಅವರು ಹಜಾರದಲ್ಲಿ ತಮ್ಮ ಮಾಮೂಲು ಕುರ್ಚಿಯಲ್ಲಿ ಕೂತರು. ಪಕ್ಕದ ಮನೆಯಲ್ಲಿ ಮಿಕ್ಸಿ ಗರ್ರೆನ್ನುತ್ತಿತ್ತು. ಎದುರು ಮನೆಯ ಜಗುಲಿಯಲ್ಲಿ ಟಿವಿ ಕೂಗುತ್ತಿತ್ತು. ಗಣಿಯ ಕತ್ತಲೆಯಲ್ಲಿ ಪಂಪಿನ ಮೈಗೆ ಕಿವಿಯಿಟ್ಟು ಬಾಳಿದ ಮನುಷ್ಯ. ಅವರು ಸ್ವಲ್ಪ ಹೊತ್ತು ಆ ಮಿಕ್ಸಿಯನ್ನು ಕೇಳಿದರು. ನನ್ನ ಮುಖ ನೋಡಲಿಲ್ಲ.

"ಓ, ಕರೆಂಟಿಲ್ವಾ. ಸರಿ ಬುಡಿ ಸಿಸ್ಟರಮ್ಮ."

ಕಾಫಿ ಕುಡಿದರು. ಲೋಟ ತೊಳೆಯಲು ನಾನು ಒಳಗೆ ಹೋದೆ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ. ಹೊರಗೆ ಡಬ್ಬಿಯ ಮುಚ್ಚಳದ ಸದ್ದು. ಬಂದು ನೋಡಿದರೆ ಅವರು ಹೊರಟಿದ್ದರು. ಕ್ಯಾಲೆಂಡರಿನ ಮೊಳೆಯಲ್ಲಿ ಬಿಲ್ಲೆ ಮತ್ತೆ ತೂಗುತ್ತಿತ್ತು, ಇನ್ನೂ ಅಲ್ಲಾಡುತ್ತಿತ್ತು.

ಆಮೇಲೂ ಮೂರು ವರ್ಷ ಅವರು ನಮ್ಮ ಮನೆಗೆ ಬಂದರು. ಪೆಟ್ಟಿಗೆ ಬಿಚ್ಚಿ ಧೂಳು ಊದಿದರು, ಫ್ಯಾನಿಗೆ ಎಣ್ಣೆ ಬಿಟ್ಟರು, ಡಿಸ್ಕಿಗೆ ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿ "ಗಟ್ಟಿ ಐತೆ" ಎಂದರು. ಬಿಳಿ ಅಂಗಿಯ ದಿನ ಮಾತ್ರ ಬರಲಿಲ್ಲ. ಒಂದು ಮಾತು ಚುಚ್ಚಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಗುಳದ ಬೆಲೆ ಅವರಿಗೆ ಗೊತ್ತಿತ್ತು; ಅದನ್ನು ನನಗೆ ಕೊಡಲಿಲ್ಲ. ನಾನೂ ಹೇಳಲಿಲ್ಲ. ಅವರಿಗೆ ಗೊತ್ತಿದೆಯಲ್ಲ, ಹೇಳಿ ಏನಾಗಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹೋದ ವರ್ಷ ಅಂಗಡಿಯಲ್ಲೇ ಕುರ್ಚಿಯಿಂದ ಕುಸಿದರು. ಅವರದೇ ಮಾತಿನಂತೆ, ಏಳ್ದೇ ಹೋದರು. ಮಣ್ಣಿಗೆ ಹೋಗಿಬಂದೆ. ಹದಿನೈದು ದಿನದ ಮೇಲೆ ಮಗಳು ನಮ್ಮ ಮನೆಗೆ ಬಂದಳು.

"ಅಪ್ಪನ ಬಿಲ್ಲೆ ನಿಮ್ಮತ್ರ ಐತಂತಲ್ಲ ಸಿಸ್ಟರಮ್ಮ, ತಗೊಂಡೋಗನಾ ಅಂತ ಬಂದೆ" ಎಂದವಳು, ಸೆರಗಿನ ತುದಿ ಸುತ್ತುತ್ತಾ, "ಅಮ್ಮನ ದನೀನೂ ನಿಮ್ಮನೇಲಿ ಭದ್ರವಾಗೈತೆ ಅಂತಿದ್ರು. ಒಂದ್ಸಲ ಕೇಳುಸ್ತೀರಾ?" ಎಂದಳು.

ನನ್ನದೇ ಮಾತು. ಮಗಳಿಗೂ ಅವರು ನನ್ನ ಸುಳ್ಳನ್ನೇ ಹೇಳಿ ನನ್ನ ಮಾನ ಉಳಿಸಿದ್ದರು. ಅಂದು ಮನೆಯಲ್ಲಿ ಕರೆಂಟಿತ್ತು. ನಾನು ಅವಳೆದುರು ಕೂತು ಎಲ್ಲವನ್ನೂ ಹೇಳಿದೆ: ಪಟ್ಟಿ, ಶನಿವಾರ, ಪ್ರವಚನ, ಮೆಯಿನ್ ಸ್ವಿಚ್.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಅವಳು ಅಳಲಿಲ್ಲ, ಕಾಫಿಯನ್ನೂ ಮುಟ್ಟಲಿಲ್ಲ. ಎದ್ದು ಮೊಳೆಯ ಹತ್ತಿರ ಹೋಗಿ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು ಅದರ ಮೇಲಿನ ನಂಬರನ್ನು ಸವರಿದಳು. ತೆಗೆಯುತ್ತಾಳೆಂದುಕೊಂಡೆ. ಬಿಟ್ಟಳು.

"ಇರ್ಲಿ ಬುಡಿ" ಎಂದಳು. "ಈಗ ಇಬ್ರೂ ಕೆಳಗವ್ರೆ."

ಗೇಟು ಹಾಕಿಕೊಂಡು ಹೋದಳು. ಮತ್ತೆ ಬಂದಿಲ್ಲ.

ಈಗಲೂ ಶನಿವಾರ ಮನೆಯೆಲ್ಲ ಒರೆಸುತ್ತೇನೆ. ಆ ಮೊಳೆಯ ಸುತ್ತ ಒಂದು ಗೇಣು ಜಾಗವನ್ನು ಮಾತ್ರ ಮುಟ್ಟುವುದಿಲ್ಲ. ಅಲ್ಲಿ ಧೂಳು ಕೂತಿದೆ.