ದಸ್ತಗೀರ ಚಾಚಾ ಒಪ್ಪದ ರೈಫಲ್ಲು

ದಸ್ತಗೀರ ಚಾಚಾ ಚಹಾ ತರಿಸಿದರೆ ಗಿರಾಕಿಗಳ ಎದೆ ಹೊಡೆದುಕೊಳ್ಳುತ್ತಿತ್ತು. ವಿಜಯಪುರದಲ್ಲಿ ಪರವಾನಗಿ ಬಂದೂಕುಗಳ ದುರಸ್ತಿ ಅವರ ಕಸುಬು. ಒಳ್ಳೆಯ ಸುದ್ದಿಯಾದರೆ ಬಾಗಿಲಲ್ಲೇ ಹೇಳಿ ಕಳಿಸುತ್ತಿದ್ದರು. ಕೆಟ್ಟದ್ದಿದ್ದರೆ ಕೂರಿಸಿ ಚಹಾದ ಕಪ್ಪು ಕೈಗಿಡುತ್ತಿದ್ದರು. "ಬರೇ ಹೊಟ್ಟೀಲೆ ಇಂಥಾದ್ ಕೇಳಬಾರ್ದ್ರಿ" ಎನ್ನುವರು.

ಸೈನ್ಯದಿಂದ ನಿವೃತ್ತರಾಗಿ ಬಬಲೇಶ್ವರದಲ್ಲಿ ನೆಲೆಸಿದ್ದ ನನ್ನ ಅಪ್ಪನಿಗೆ ಅಜ್ಜನಿಂದ ಬಂದ ಹಳೆಯ ಬೋಲ್ಟ್ ರೈಫಲ್ಲೆಂದರೆ ಜೀವ. ಅಜ್ಜನ ಕಾಲದಲ್ಲೇ ಯಾರೋ ಅದಕ್ಕೆ ದುರ್ಬೀನು ಕೂರಿಸಲು ಮೇಲ್ಭಾಗವನ್ನು ತೇಯ್ದು ಬೆಸುಗೆ ಹಾಕಿದ್ದರು. ಅಪ್ಪ ಅದನ್ನೇ ಸ್ಪರ್ಧೆಯಲ್ಲಿ ಹಾರಿಸಲು ಹೊರಟಾಗ, ಮೊದಲು ಚಾಚಾನಿಗೆ ತೋರಿಸೋಣವೆಂದು ನಾನು ಹಟ ಹಿಡಿದೆ.

ಚಾಚಾ ರೈಫಲ್ಲಿನ ಕಟ್ಟಿಗೆಯ ಹಿಡಿ ಬಿಚ್ಚಿ, ಗುಂಡಿನ ಹಿಂದೆ ಅಗುಳಿಯಂತೆ ಬೀಳುವ ಬೋಲ್ಟು ಕೂರುವ ಉಕ್ಕಿನ ಗೂಡನ್ನು ಬೆಳಕಿಗೆ ಹಿಡಿದು ನೋಡಿದರು. ಮರೆಯಲ್ಲಿದ್ದ ಅಂಚಿಗೆ ಸಣ್ಣ ಅರ ತಾಗಿಸಿದರು. ಹದವಿರುವ ಉಕ್ಕಿನ ಮೇಲೆ ಅರ ಜಾರಬೇಕು, ಇಲ್ಲಿ ಕಚ್ಚಿತು. ಅವರು ಹೊರಗೆ ಕೂಗಿ ಮೂರು ಚಹಾ ಹೇಳಿದರು.

"ಸುಬೇದಾರ್ರ, ಬೆಸುಗಿ ಬೆಂಕಿ ತಾಗಿ ಇದರ ಹದಾ ಹೋಗೇತಿ. ಗುಂಡಿನ ಜೋರೆಲ್ಲಾ ತಡಿಯೂದು ಇದೇ ಜಾಗಾರಿ. ಒಡದ್ರ ಕೈ ಉಳಿಯಂಗಿಲ್ಲ, ಹಾರಸಬ್ಯಾಡ್ರಿ."

"ನಮ್ಮಪ್ಪ ಹಾರಸ್ಯಾನ, ನಾನೂ ಹಾರಸೇನಿ. ಏನೂ ಆಗಿಲ್ಲ."

"ಇಷ್ಟ ದಿನಾ ತಡದೈತಿ, ಖರೇ. ಮುಂದೂ ತಡಿತೈತಿ ಅಂತ ನಾ ಹ್ಯಾಂಗ ಹೇಳ್ಲಿ?"

"ಟಾಯರಿಗೆ ಕಟ್ಟಿ, ದೂರಿಂದ ದಾರಾ ಜಗ್ಗಿ ಒಂದ್ ಗುಂಡ ಹಾರಸಿ ನೋಡ್ರಿ ಮತ್ತ."

"ಒಮ್ಮೆ ತಡದ್ರ ನೀವು ನನ್ನ ಮಾತ ಕೇಳಂಗಿಲ್ಲ. ಅದಕ್ಕ ನಾ ಅದನ್ನ ಮಾಡಂಗಿಲ್ರಿ."

ಅಪ್ಪ ಚಹಾ ಮುಟ್ಟದೆ, ರೈಫಲ್ಲು ಎತ್ತಿಕೊಂಡು ಹೊರಬಿದ್ದರು.

ಮರುದಿನ ಚಾಚಾ ಅಂಗಡಿ ಮುಚ್ಚಿ, ಬಸ್ಸು ಹಿಡಿದು ನಮ್ಮ ಮನೆಗೇ ಬಂದರು. ಕಟ್ಟೆಯ ಮೇಲೆ ಕೂತು, "ನಿದ್ದಿ ಬರಲಿಲ್ರಿ" ಎಂದರು. ಉಕ್ಕಿನ ಮಾತೇ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನತ್ತ ಕೈ ತೋರಿಸಿ, "ಇದನ್ನ ನಿಮ್ಮ ಮಗಳ ಕೈಯಾಗ ಕೊಟ್ಟು ಹಾರಸಂತೀರೇನ್ರಿ?" ಎಂದು ಕೇಳಿದರು.

ಅಪ್ಪ ನನ್ನತ್ತ ನೋಡಿದರು. ಒಳಗೆ ಹೋಗಿ ಬೋಲ್ಟು ಬಿಚ್ಚಿ ತಂದು ಚಾಚಾನ ಅಂಗೈಯಲ್ಲಿಟ್ಟರು. ಆಮೇಲೆ ಇಬ್ಬರೂ ಸೇರಿಯೇ ಠಾಣೆಗೆ ಹೋಗಿ ರೈಫಲ್ಲನ್ನು ಒಪ್ಪಿಸಿದರು. ಅಂದಿನಿಂದ ಅಪ್ಪ ಪೇಟೆಗೆ ಹೋದಾಗಲೆಲ್ಲ ಚಾಚಾನ ಅಂಗಡಿಯಲ್ಲಿ ಕೂತೇ ಬರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಚಾಚಾ ಹಾಸಿಗೆ ಹಿಡಿದರು. ನೋಡಲು ಹೋದಾಗ ಅಪ್ಪ ಕಿತ್ತಳೆ ಸುಲಿಯುತ್ತ ಕೂತರು.

"ಸಿಟ್ಟು ಇಳದೈತೇನ್ರಿ, ಸುಬೇದಾರ್ರ?"

"ನಿಮ್ಮ ಮ್ಯಾಲ ಎಲ್ಲಿ ಇತ್ರಿ ಸಿಟ್ಟು. ಆ ರೈಫಲ್ಲು ನಮ್ಮಪ್ಪಂದಿತ್ತು, ಬಿಡಾಕ ಮನಸ ಬರಲಿಲ್ಲ."

ಚಾಚಾ ತಲೆಯಾಡಿಸಿ ಒಂದು ತೊಳೆ ತಿಂದರು.

ಅದೇ ವಾರ ಅವರು ತೀರಿಕೊಂಡರು. ಖಬರಸ್ತಾನದಿಂದ ಹೊರಬಂದ ಅಪ್ಪ, ಗಾಡಿ ತಾವೇ ಓಡಿಸುವುದಾಗಿ ಹೇಳಿ ಕೂತರು. ಆದರೆ ಕೀಲಿ ತಿರುಗಿಸಲಿಲ್ಲ. ಸ್ಟೇರಿಂಗಿನ ಮೇಲಿದ್ದ ತಮ್ಮ ಎರಡೂ ಕೈಗಳನ್ನು ನೋಡುತ್ತ ಕೂತೇ ಇದ್ದರು. ನಾನೂ ಅವಸರ ಮಾಡಲಿಲ್ಲ.