ಸೋಪಿನ ಪುಡಿಯಲ್ಲಿ ಕರೆಂಟು ಕಂಪನಿಗಳನ್ನು ಅಳೆಯುವ ಎನಿಡ್

ಬೆಳಗಿನ ಆರೂಕಾಲು. ಇಂಗ್ಲೆಂಡಿನ ನಮ್ಮ ಫ್ಲೀಟ್‌ವುಡ್ಡಿನ ಕಡಲ ಗಾಳಿ ಎಂಥದ್ದೆಂದರೆ, ಇಲ್ಲಿ ಬೊಗಳಿದ ನಾಯಿಯ ಸದ್ದು ಎರಡೂರು ದಾಟಿ ಕೇಳಿಸುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದರ ಬಾಯಿ ಅಲ್ಲಾಡಿದ್ದಷ್ಟೇ ಕಾಣುತ್ತದೆ. ಆ ಗಾಳಿಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ ಎನಿಡ್ ಕಾರ್ಟ್‌ಮೆಲ್ ಲಾಂಡ್ರಿಯ ಷಟರ್ ಎತ್ತುತ್ತಾರೆ. ಅರವತ್ಮೂರು ವಯಸ್ಸು, ಐದಡಿಗೆ ಒಂದಿಂಚು ಕಮ್ಮಿ ಎತ್ತರ, ಬಂದರಿಗೆ ಹಡಗು ಕರೆಯಬಲ್ಲ ದನಿ. ದೀಪ ಹಾಕುವ ಮೊದಲೇ ಹದಿನಾಲ್ಕು ಯಂತ್ರಗಳ ಬಾಗಿಲು ತೆರೆದು ಒಂದೊಂದನ್ನೂ ಮೂಸುತ್ತಾರೆ. ನಿನ್ನೆ ಮೀನುಕಟ್ಟೆಯ ಕೋಟು ಯಾವುದರಲ್ಲಿ ತಿರುಗಿತು, ಮಗುವಿನ ಹೊದಿಕೆ ಯಾವುದರಲ್ಲಿ ಎಂಬುದನ್ನು ಅವರ ಮೂಗು ಪೊಲೀಸು ನಾಯಿಗಿಂತ ಚೆನ್ನಾಗಿ ಹೇಳುತ್ತದೆ.

ಏಳು ಗಂಟೆಗೆ ಬಾಗಿಲಲ್ಲಿ ಸಾಲು. ಪ್ರತಿಯೊಬ್ಬರ ಕೈಯಲ್ಲೂ ಬಟ್ಟೆಯ ಮೂಟೆ. ಪ್ರತಿ ಮೂರನೆಯ ಮೂಟೆಯೊಳಗೆ, ದಿಂಬಿನ ಚೀಲದ ಮಡಿಕೆಯಲ್ಲಿ, ನಾಚಿಕೊಂಡು ಕುಳಿತ ಒಂದು ಬಿಲ್ಲು.

ಇಲ್ಲಿ ಮನೆಗೆ ಕರೆಂಟು, ಗ್ಯಾಸು ಕೊಡುವ ಕಂಪನಿಯನ್ನು ಮನೆಯವರೇ ಆರಿಸಿಕೊಳ್ಳಬೇಕು. ಕಂಪನಿಗಳೋ, ಇಂಗ್ಲೆಂಡಿನಲ್ಲಿ ಕುರಿ ಹೆಚ್ಚೋ ಅವು ಹೆಚ್ಚೋ ಎಂಬಷ್ಟು. ಒಂದು ಕರೆಯುತ್ತದೆ: ನಮ್ಮಲ್ಲಿಗೆ ಬನ್ನಿ, ನೂರು ಪೌಂಡು ಕ್ಯಾಷ್‌ಬ್ಯಾಕ್ ಕೊಡುತ್ತೇವೆ. ಇನ್ನೊಂದು ತಡೆಯುತ್ತದೆ: ಅವಧಿಗೆ ಮುಂಚೆ ಬಿಟ್ಟುಹೋದರೆ ದಂಡ ಕಟ್ಟಿ. ಹೋಗುವುದು ಲಾಭವೋ ಇರುವುದು ಲಾಭವೋ ಎಂದು ನಮ್ಮೂರಿನ ಅರ್ಧ ಜನಕ್ಕೆ ಅಕ್ಟೋಬರ್ ಬಂದರೆ ನಿದ್ದೆ ಬರುವುದಿಲ್ಲ. ಉಳಿದರ್ಧ ಜನ ಎನಿಡ್ ಬಳಿ ಹೋಗಿ ಬಂದವರು, ಗೊರಕೆ ಹೊಡೆಯುತ್ತಿರುತ್ತಾರೆ.

ಅವರ ಕ್ರಮ ಇಷ್ಟು. ಕಟ್ಟೆಯ ಮೇಲೆ ಎರಡು ಅಳತೆ ಜಗ್ಗು. ಒಂದು ಚಮಚ ಸೋಪಿನ ಪುಡಿ ಎಂದರೆ ಹತ್ತು ಪೌಂಡು. ಹೊಸ ಕಂಪನಿ ಕೊಡುವುದೆಲ್ಲ ಎಡದ ಜಗ್ಗಿಗೆ, ಹಳೆಯದು ಕೀಳುವುದೆಲ್ಲ ಬಲದ ಜಗ್ಗಿಗೆ. ವರ್ಷದ ದರದಲ್ಲಿ ಏರುಪೇರಿದ್ದರೆ ಅದಕ್ಕೂ ಚಮಚ. ಕೊನೆಗೆ ಎರಡನ್ನೂ ಕಣ್ಣ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಕೂಡಿ ಕಳೆಯುವುದೆಂದರೆ ಬೆವರುವ ಮೀನುಗಾರನಿಗೂ ಯಾವ ಜಗ್ಗು ತುಂಬಿದೆ ಎಂಬುದು ಕಾಣುತ್ತದೆ. ಲಂಡನ್ನಿನ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಈ ಜಗ್ಗುಗಳನ್ನು ನೋಡಿದರೆ ತಮ್ಮ ಪದವಿಗಳನ್ನು ಇಲ್ಲೇ ಒಗೆಯಲು ಹಾಕಿ ಹೋದಾರು.

"ಕಾಗದದ ಮೇಲೆ ಅಂಕಿ ಸುಳ್ಳು ಹೇಳತ್ತೆ ಚಿನ್ನಾ," ಎನ್ನುತ್ತಾರೆ ಎನಿಡ್. ಅವರಿಗೆ ಊರಿನವರೆಲ್ಲ ಚಿನ್ನವೇ, ಪಾರ್ಕಿಂಗ್ ದಂಡ ಹಾಕುವವನೂ ಸೇರಿ. "ಪುಡಿ ಸುಳ್ಳು ಹೇಳಲ್ಲ. ಸುಳ್ಳು ಹೇಳಿದ್ರೆ ನೊರೆ ಬರತ್ತೆ."

ಇಪ್ಪತ್ತೇಳು ವರ್ಷದಿಂದ ಇದೇ ಕಟ್ಟೆ. ದಿನಕ್ಕೆ ತೊಂಬತ್ತು ಕಿಲೋ ಬಟ್ಟೆ, ನಾಲ್ಕೋ ಐದೋ ಬಿಲ್ಲು. ಸಂಬಳ ಬಟ್ಟೆಗೆ ಮಾತ್ರ. ಬಿಲ್ಲು ನೋಡಿದ್ದಕ್ಕೆ ಯಾರಿಂದಲೂ ಒಂದು ಪೆನ್ನಿ ಮುಟ್ಟುವುದಿಲ್ಲ. ಮಾಂಸ ತುಂಬಿ ಬೇಯಿಸಿದ ಪೈ ತಂದುಕೊಟ್ಟರೆ ಬೇಡ ಎನ್ನುವುದೂ ಇಲ್ಲ. ಇದುವರೆಗೆ ತಿಂದ ಪೈಗಳನ್ನು ಒಂದರ ಮೇಲೊಂದು ಇಟ್ಟರೆ ನಮ್ಮ ದೀಪಸ್ತಂಭಕ್ಕಿಂತ ಎರಡು ಪೈ ಎತ್ತರ. ಪುಡಿ ಪೋಲಾಗುತ್ತದೆಂದು ಮಾಲೀಕ ಒಮ್ಮೆ ಕೂಗಾಡಿದ್ದ. ಎನಿಡ್ ಅವನ ಮನೆಯ ಬಿಲ್ಲನ್ನೇ ತರಿಸಿ ಅಳೆದು ತೋರಿಸಿದರು. ಆಮೇಲೆ ಅವನು ಕೆಮ್ಮಿದ್ದೂ ಇಲ್ಲ.

ಹಾಗೆಂದು ಅವರ ಲೆಕ್ಕ ತಪ್ಪಿಯೇ ಇಲ್ಲವೆಂದರೆ ನನ್ನಂಥವನೂ ನಾಚಬೇಕು. ಆರು ವರ್ಷದ ಹಿಂದೆ ಒಮ್ಮೆ ತಪ್ಪಿದೆ. ಪಾಲೀನ್ ಥ್ರೆಲ್‌ಫಾಲ್ ಎಂಬ ಹೆಂಗಸಿಗೆ "ಧೈರ್ಯವಾಗಿ ಬದಲಾಯಿಸು" ಎಂದರು. ದಂಡ ಗ್ಯಾಸಿಗೆ ಬೇರೆ, ಕರೆಂಟಿಗೆ ಬೇರೆ ಎಂಬ ಸಾಲು ಬಿಲ್ಲಿನ ಹಿಂಬದಿಯಲ್ಲಿ, ಇರುವೆ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿತ್ತು. ಪಾಲೀನ್‌ಗೆ ಲಾಭದ ಬದಲು ನಷ್ಟವಾಯಿತು.

"ಅವಳು ಏನೂ ಅನ್ನಲಿಲ್ಲ. ಅದೇ ಕಷ್ಟ ಆಗಿದ್ದು," ಎನ್ನುತ್ತಾರೆ ಎನಿಡ್, ಹಾಸಿಗೆ ಬಟ್ಟೆಯ ಮೂಲೆ ಹಿಡಿದು ಕೊಡವುತ್ತ. "ಬೈದಿದ್ರೆ ನಾನೂ ನಾಲ್ಕು ಬೈದು ಹಗುರಾಗ್ತಿದ್ದೆ. ಆ ಚಳಿಗಾಲ ಪೂರ್ತಿ ಅವಳ ದುಪ್ಪಟಿ ನಾನೇ ಒಣಗಿಸಿ, ಮಡಚಿ, ಮನೆಗೆ ಕೊಟ್ಟು ಬಂದೆ. ಅವತ್ತಿಂದ ಬಿಲ್ಲು ಬಂದ್ರೆ ಮೊದಲು ಹಿಂದುಗಡೆ ನೋಡ್ತೀನಿ."

ಹಿಂದುಗಡೆ ನೋಡುವ ಆ ಅಭ್ಯಾಸ ಏನು ಮಾಡಬಲ್ಲದು ಎಂಬುದನ್ನು ಕಣ್ಣಾರೆ ಕಾಣಬೇಕೆಂದರೆ ಅಕ್ಟೋಬರ್ ನಾಲ್ಕರ ಶನಿವಾರಕ್ಕೆ ಬರಬೇಕು. ಹನ್ನೊಂದು ಗಂಟೆಗೆ ಬಾಗಿಲು ದೂಡಿಕೊಂಡು ಸಿರಿಲ್ ರಾಕ್ಲಿಫ್ ಒಳಗೆ ಬರುತ್ತಾರೆ. ನಿವೃತ್ತ ಟ್ರಾಮ್ ಕಂಡಕ್ಟರ್, ಎಪ್ಪತ್ತಾರು ವಯಸ್ಸು, ಮುಖ ಬೇಯಿಸಿದ ಏಡಿಯಷ್ಟು ಕೆಂಪು.

"ಎನಿಡ್, ನನ್ನ ತಡೀಬೇಡ. ನೂರಾ ಅರವತ್ತು ಪೌಂಡು ಕೊಡ್ತಾರಂತೆ! ಮಧ್ಯಾಹ್ನ ಹನ್ನೆರಡಕ್ಕೆ ಆಫರ್ ಮುಗಿಯತ್ತೆ. ಈ ಫೋನಲ್ಲಿ ಎಲ್ಲಿ ಒತ್ತೋದು ಅಷ್ಟು ಹೇಳು."

"ಯಾಕೋ ಇಷ್ಟು ಅವಸರ? ಪೊಲೀಸರು ಹಿಂದೆ ಬಿದ್ದಿದ್ದಾರಾ?"

"ಪೊಲೀಸರಾದ್ರೆ ಮಾತಾಡಬಹುದಿತ್ತು. ಹಿಲ್ಡಾ!"

ಹಿಲ್ಡಾ ಎಂದರೆ ಹೆಂಡತಿ. ಡಿಸೆಂಬರಿನಲ್ಲಿ ಮದುವೆಯಾಗಿ ಐವತ್ತು ವರ್ಷ. ಇಬ್ಬರೂ ಮೊದಲು ಕುಣಿದದ್ದು ಪಕ್ಕದೂರು ಬ್ಲ್ಯಾಕ್‌ಪೂಲಿನ ಬಾಲ್‌ರೂಮಿನಲ್ಲಿ. ಅಲ್ಲೇ ಮತ್ತೆ ಕುಣಿಯೋಣ, ಒಂದು ರಾತ್ರಿ ಹೋಟೆಲಿನಲ್ಲಿ ಉಳಿಯೋಣ ಎಂದು ಸಿರಿಲ್ ನಿನ್ನೆ ಮೀಸೆ ತಿರುವಿ ಹೇಳಿಬಿಟ್ಟಿದ್ದಾರೆ. ಖರ್ಚು ಎಂಬತ್ತು ಪೌಂಡು. ಹಿಲ್ಡಾ ಆಗಲೇ ತಂಗಿಗೆ ಫೋನು ಮಾಡಿದ್ದಾರೆ. ತಂಗಿಗೆ ಹೇಳಿದರೆಂದರೆ ಇಡೀ ಲ್ಯಾಂಕಷೈರ್ ಜಿಲ್ಲೆಗೆ ಹೇಳಿದಂತೆ.

"ದಂಡ ಎಷ್ಟು?" ಎನಿಡ್ ಕೇಳುತ್ತಾರೆ.

"ಎಪ್ಪತ್ತೈದು. ಕಳೆದ್ರೆ ಎಂಬತ್ತೈದು ಉಳಿಯತ್ತೆ. ನನಗೂ ಲೆಕ್ಕ ಬರತ್ತಮ್ಮಾ, ನಲವತ್ತು ವರ್ಷ ಟಿಕೆಟ್ ಹರಿದಿದ್ದೀನಿ."

"ಹರಿಯೋದೇ ಬರೋದು ನಿಂಗೆ. ಬಿಲ್ಲು ಕೊಡು."

ಎಡದ ಜಗ್ಗಿಗೆ ಹದಿನಾರು ಚಮಚ. ಬಲದ ಜಗ್ಗಿಗೆ ಏಳೂವರೆ. ಸಿರಿಲ್ ನಗುತ್ತಾರೆ. ಎನಿಡ್ ಬಿಲ್ಲನ್ನು ತಿರುಗಿಸಿ, ಮೂಗಿಗೆ ಹತ್ತಿರ ಹಿಡಿದು, ಬಲದ ಜಗ್ಗಿಗೆ ಮತ್ತೆ ಏಳೂವರೆ ಚಮಚ ಸುರಿಯುತ್ತಾರೆ.

"ಗ್ಯಾಸಿಗೆ ಎಪ್ಪತ್ತೈದು. ಕರೆಂಟಿಗೆ ಎಪ್ಪತ್ತೈದು. ನಿಂಗೆ ಉಳಿಯೋದು ಒಂದು ಚಮಚ ಕಣೋ ಸಿರಿಲ್. ಹತ್ತು ಪೌಂಡಲ್ಲಿ ಹಿಲ್ಡಾನ ಟ್ರಾಮ್ ಸ್ಟಾಪಲ್ಲಿ ಕುಣಿಸಬೇಕಾಗತ್ತೆ."

ಆರು ಡ್ರೈಯರುಗಳೂ ಉಸಿರು ಬಿಗಿಹಿಡಿದವೆಂದರೆ ನಂಬಬೇಕು. ಸಿರಿಲ್ ಬೆಂಚಿನ ಮೇಲೆ ಕುಸಿದು, "ನಾನೇ ಅವಳ ಹತ್ರ ದೊಡ್ಡದಾಗಿ ಹೇಳ್ಕೊಂಡೆ," ಎನ್ನುತ್ತಾರೆ. ಆ ದನಿಯಲ್ಲಿ ಏಡಿಯೂ ಇಲ್ಲ, ಮೀಸೆಯೂ ಇಲ್ಲ.

ಆದರೆ ಎನಿಡ್ ಇನ್ನೂ ಬಿಲ್ಲಿನ ಹಿಂಬದಿಯಲ್ಲೇ ಇದ್ದಾರೆ. ಹಳೆ ಕಂಪನಿಯ ಒಪ್ಪಂದ ಮುಗಿಯುವುದು ನವೆಂಬರ್ ಮೂವತ್ತಕ್ಕೆ. ಕೊನೆಯ ನಲವತ್ತೊಂಬತ್ತು ದಿನಗಳಲ್ಲಿ ಬಿಟ್ಟುಹೋದರೆ ದಂಡ ಕೇಳುವಂತಿಲ್ಲ, ಅದು ಇಲ್ಲಿನ ನಿಯಮ. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳು ಹಿಂದಕ್ಕೆ ನಡೆಯುತ್ತದೆ, ಅಕ್ಟೋಬರ್ ಹನ್ನೆರಡರ ಮೇಲೆ ನಿಲ್ಲುತ್ತದೆ. ಎಂಟು ದಿನ ಕಾದರೆ ದಂಡ ಸೊನ್ನೆ! ಎಂಟು ದಿನ ಕಾದರೆ ಆಫರೂ ಸೊನ್ನೆ.

"ಹನ್ನೆರಡು ಭಾನುವಾರ. ಅರ್ಜಿ ಇವತ್ತು ಹಾಕಿ, ಬದಲಾವಣೆ ಹದಿಮೂರಕ್ಕೆ ಮಾಡಿ ಅಂದ್ರೆ?" ಎನಿಡ್ ತಮ್ಮಷ್ಟಕ್ಕೇ ಕೇಳಿಕೊಂಡು, ಹೊಸ ಕಂಪನಿಗೆ ಫೋನು ಹಚ್ಚುತ್ತಾರೆ.

ಹನ್ನೊಂದೂ ಇಪ್ಪತ್ತು. ಫೋನಿನಲ್ಲಿ ಕಾಯಿಸುವ ಪಿಟೀಲು. ಹನ್ನೊಂದೂವರೆ. ಅದೇ ಪಿಟೀಲು, ಈಗ ಅದಕ್ಕೂ ಸುಸ್ತು. ಒಗೆದು ಮುಗಿದ ಬಟ್ಟೆಯನ್ನು ಯಾರೂ ಎತ್ತುತ್ತಿಲ್ಲ. ಮೀನುಕಟ್ಟೆಯ ಇಬ್ಬರು ಕೆಲಸ ಬಿಟ್ಟು ಬಂದು ನಿಂತಿದ್ದಾರೆ. ಹನ್ನೊಂದೂ ನಲವತ್ತಮೂರಕ್ಕೆ ಆ ಕಡೆ ಒಬ್ಬ ಹುಡುಗಿಯ ದನಿ. ಎನಿಡ್ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಹುಡುಗಿ ಆಗುತ್ತದೆ ಎನ್ನುತ್ತಾಳೆ. ಹಳೆ ಕಂಪನಿಗೆ ತಿಳಿಸುವುದೂ ಹದಿಮೂರಕ್ಕೇ, ಆಫರ್ ಮಾತ್ರ ಇವತ್ತಿನದೇ.

ಎಲ್ಲರೂ ಹೋ ಎನ್ನುತ್ತಾರೆ. ಸಿರಿಲ್ ಬೆರಳು ಗುಂಡಿಯ ಮೇಲೆ. ಅದರ ಮೇಲೆ ಎನಿಡ್ ಕೈಯ ಪಟ್ಟನೆ ಏಟು.

"ಬಾಯಿಮಾತಿಗೆ ಒತ್ತಬೇಡ! ಬರಹದಲ್ಲಿ ಬರಲಿ. ಇನ್ನೊಂದು ವಿಷಯ ಕೇಳ್ಕೋ: ಒಂದು ವರ್ಷ ಇವರನ್ನ ಬಿಡಬಾರದು. ಬಿಟ್ರೆ ಕೊಟ್ಟಿದ್ದನ್ನ ವಾಪಸ್ ಕೇಳ್ತಾರೆ."

"ಐವತ್ತು ವರ್ಷ ಹಿಲ್ಡಾನ್ನೇ ಬಿಟ್ಟಿಲ್ಲ, ಒಂದು ವರ್ಷ ಇವರನ್ನ ಬಿಡ್ತೀನಾ?"

"ಹಿಲ್ಡಾ ನಿನ್ನ ಬಿಟ್ಟಿಲ್ಲ ಅನ್ನು."

ಹನ್ನೊಂದೂ ಐವತ್ತೊಂದು. ಐವತ್ತನಾಲ್ಕು. ಐವತ್ತಾರಕ್ಕೆ ಸಿರಿಲ್ ಫೋನು ಟಿಂಗ್ ಎನ್ನುತ್ತದೆ. ಎನಿಡ್ ಕಾಗುಣಿತ ತಿದ್ದುವ ಮೇಷ್ಟರ ಹಾಗೆ ಒಂದೊಂದೇ ಪದ ಓದುತ್ತಾರೆ, ತಾರೀಖನ್ನು ಎರಡು ಸಲ. ತಲೆಯಾಡಿಸುತ್ತಾರೆ. ಸಿರಿಲ್ ಒತ್ತುತ್ತಾರೆ. ಹನ್ನೊಂದೂ ಐವತ್ತೆಂಟು! ಆಗ ಎದ್ದ ಕೂಗಿಗೆ ಕಡಲು ಅರ್ಧ ಮೈಲಿ ಹಿಂದೆ ಸರಿಯಿತು. ಅದು ಇಳಿತದ ಹೊತ್ತೂ ಆಗಿತ್ತು ಎಂದು ಹೇಳುವವರು ಹೊಟ್ಟೆಕಿಚ್ಚಿನವರು. ಬಲದ ಜಗ್ಗನ್ನು ಎನಿಡ್ ಪೂರ್ತಿ ಡಬ್ಬಿಗೆ ಮಗುಚಿದರು. ಎಡದ್ದರಲ್ಲಿ ಹದಿನಾರು ಚಮಚವೂ ಹಾಗೇ.

ನವೆಂಬರ್ ಕೊನೆಯ ವಾರ ನೂರಾ ಅರವತ್ತೂ ಬಂತು. ದಂಡದ ಕಾಗದ ಬರಲೇ ಇಲ್ಲ. ಒಂದು ರಾತ್ರಿಯ ರೂಮು ಎರಡು ರಾತ್ರಿಯದಾಯಿತು. ಈಗ ಡಿಸೆಂಬರಿನ ಒಂದು ಗುರುವಾರ. ಸಿರಿಲ್ ಮದುವೆಯ ಕಾಲದ ಬಿಳಿ ಷರ್ಟನ್ನು ಗಂಜಿ ಹಾಕಿಸಲು ತಂದಿದ್ದಾರೆ, ಕಟ್ಟೆಯ ಮೇಲಿಟ್ಟು ಒತ್ತಾಯ ಮಾಡುತ್ತಿದ್ದಾರೆ.

"ನೀನೂ ಬಾ ಎನಿಡ್. ಟಿಕೆಟ್ ನಾನು ತೆಗೀತೀನಿ. ಹಿಲ್ಡಾನೇ ಹೇಳಿ ಕಳಿಸಿದಾಳೆ."

ಎನಿಡ್ ಇಸ್ತ್ರಿಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ತಂದು ಬಿಸಿ ನೋಡುತ್ತಾರೆ. ಷರ್ಟಿನ ಕಾಲರನ್ನು ಹಲಗೆಯ ಮೇಲೆ ಬಿಡಿಸಿ, ತುದಿಯಿಂದ ನಡುವಿಗೆ ಒತ್ತುತ್ತಾರೆ, ಮತ್ತೆ ಆ ತುದಿಯಿಂದ ನಡುವಿಗೆ.

"ಕುಣಿಯೋದು ನಿಮ್ಮಿಬ್ಬರ ಕೆಲಸ ಚಿನ್ನಾ," ಎನ್ನುತ್ತಾರೆ. "ಎಷ್ಟು ಸುತ್ತು ತಿರುಗಿದ್ರೂ ಈ ಕಾಲರ್ ಬಗ್ಗಬಾರದು. ಅದು ನಂದು."