ಮಡಚಿದ ಬೆರಳು

"ಮರೆವ್ವನ ಟೆರೇಸಿಗೆ ಹೋಗೋದಾದ್ರೆ ಬೆರಳು ಮಡಚ್ಕೊಂಡು ಹೋಗಿ ಕಣ್ರೀ" ಎಂದು ಕಾಡುಗೋಡಿಯ ಆ ವಠಾರದವರು ನಗುತ್ತಿದ್ದರು. ಸೌತೆಯ ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆತುಹೋಗುತ್ತದೆಂದು ಮರೆವ್ವ ನಂಬಿದ್ದಳು.

ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು ಅವಳು. ಒಂದು ಕಟ್ಟಡ ಮುಗಿದರೆ ಬಾಡಿಗೆ ಕೋಣೆಯೂ ಬದಲಾಗುತ್ತಿತ್ತು. ಹೋದಲ್ಲೆಲ್ಲ ಪೇಂಟ್ ಡಬ್ಬಿಯಲ್ಲಿ ಸೌತೆ ಹಾಕುವಳು. ಆದರೆ ಕಾಯಿ ಬಿಟ್ಟು ತಿನ್ನುವಷ್ಟು ದಿನ ಎಲ್ಲೂ ನಿಂತವಳಲ್ಲ. ಈ ಸಲ ಬೀಜದಂಗಡಿಯಲ್ಲಿ, "ಲಗೂನ ಕಾಯಿ ಬಿಡೋ ಹೈಬ್ರಿಡ್ ಕೊಡ್ರಿ ಅಣ್ಣ, ನಾವು ನಿಲ್ಲೋ ಮಂದಿ ಅಲ್ಲ" ಎಂದು ಕೇಳಿ ತಂದಳು. ಹಳೆಯ ಸೀರೆ ಹರಿದು ಬಳ್ಳಿಯನ್ನು ಟೆರೇಸಿನ ಸರಳಿಗೆ ಕಟ್ಟಿದಳು. ಅವಳ ಬಾಯಲ್ಲಿ ಸೌತೆಕಾಯಿ ಅಂದರೆ ಸವತಿಕಾಯಿ.

"ಸವತಿಗೆ ಇಷ್ಟು ಉಪಚಾರ ಮಾಡೋಳು ನೀನೊಬ್ಳೇ ಅಕ್ಕಾ" ಎಂದು ಪಕ್ಕದ ಕೋಣೆಯ ಶಶಿಕಲಾ ಛೇಡಿಸುವಳು.

ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೆ ಮೇಸ್ತ್ರಿ ಕರೆದ ದಿನ ಬೆಳಗ್ಗೆ ಎರಡು ಕಾಯಿ ತಿನ್ನುವಷ್ಟಾಗಿದ್ದವು. ಮರೆವ್ವ ಒಂದನ್ನು ಕಿತ್ತು, ಉಪ್ಪುಖಾರ ಹಚ್ಚಿ, ಮೆಟ್ಟಿಲ ಮೇಲೆ ಕೂತು ಕರಕರ ತಿಂದಳು. ಆಮೇಲೆ ಕೋಣೆ ಖಾಲಿ ಮಾಡಿ, ಗಂಟು ಹೊತ್ತು ಗೇಟು ದಾಟಿದಳು.

"ಅಕ್ಕಾ, ಇಲ್ಲೊಂದು ಬಿಟ್ಟೋಗಿದ್ದೀಯಲ್ಲ!" ಎಂದು ಟೆರೇಸಿನಿಂದ ಶಶಿಕಲಾ ಕೂಗಿದಳು.

"ಅದು ನಿನಗವ್ವಾ!" ಎಂದು ಮರೆವ್ವ ತಲೆಯೆತ್ತಿದಳು. ಬಳ್ಳಿಯತ್ತ ಕೈ ಚಾಚಿದ್ದ ಶಶಿಕಲಾಳ ಬೆರಳು ಮಡಚಿಕೊಂಡೇ ಇತ್ತು. ಮರೆವ್ವ ನಗುತ್ತಲೇ ಬಸ್ಸಿನ ಕಡೆ ನಡೆದಳು.